ಸೋರುವ ಹೊಸ ನಾಳಗಳು: ಬಾಕ್ಸರ್ ನಾಯಿಯ ಮಿದುಳಿನ ಗ್ಲಯೋಮಾ, ಒಂದು ಪ್ರಕರಣ ಅಧ್ಯಯನ

ಎಂಟು ವರ್ಷದ ಗಂಡು ಬಾಕ್ಸರ್, ತೂಕ 30 ಕೆ.ಜಿ. ಮೂರು ವಾರದಲ್ಲಿ ಮೂರು ಸಲ ಫಿಟ್ಸ್ ಬಂದಿತ್ತು. ಮೊದಲಿನ ಎರಡು ರಾತ್ರಿ ಮಲಗಿದ್ದಾಗ, ಮೂರನೆಯದು ಊಟದ ತಟ್ಟೆಯ ಮುಂದೆ. ಮನೆಯವರನ್ನು ಫಿಟ್ಸ್‌ಗಿಂತ ಹೆಚ್ಚು ಕಾಡಿದ್ದು ಬೇರೆ: "ಡಾಕ್ಟ್ರೇ, ಸೋಫಾ ಹಿಂದೆ ಮೂಲೆಗೆ ಹೋಗಿ ನಿಂತ್ಕೊಂಡುಬಿಡುತ್ತೆ. ವಾಪಸ್ ಬರೋದು ಹೇಗೆ ಅಂತಾನೇ ಗೊತ್ತಾಗಲ್ಲ ಇದಕ್ಕೆ." ಕರೆದರೆ ಕಿವಿ ನಿಮಿರುತ್ತದೆ, ಬಾಲ ಅಲ್ಲಾಡುತ್ತದೆ, ಕಾಲು ಮಾತ್ರ ಮೂಲೆ ಬಿಟ್ಟು ಬರುವುದಿಲ್ಲ.

ಗ್ಲಯೋಮಾ, ಅಂದರೆ ಮಿದುಳಿನ ಪೋಷಕ ಕೋಶಗಳ ಗಡ್ಡೆ, ಇರುವ ನಾಯಿಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿಗಳನ್ನು ಒಂದೇ ನಾಯಿಯ ಮೇಲಿಟ್ಟು, ಪಾಠಕ್ಕಾಗಿ ಕಟ್ಟಿದ ಪ್ರಕರಣ ಇದು. ಔಷಧದ ಪ್ರಮಾಣ, ಪರೀಕ್ಷೆಯ ಕ್ರಮ, ಸ್ಲೈಡಿನಲ್ಲಿ ಕಾಣುವುದು ಎಲ್ಲ ಕ್ಲಿನಿಕ್ಕಿನಲ್ಲಿ ನಡೆಯುವಂಥವೇ. ಇಡೀ ಪ್ರಕರಣದಲ್ಲಿ ಹಿಡಿದುಕೊಳ್ಳಬೇಕಾದ ಎಳೆ ಒಂದು: ಕಾಯಿಲೆಯ ಮಿದುಳಿನಲ್ಲಿ ಹೊಸ ರಕ್ತನಾಳ ಹುಟ್ಟಿತು ಎಂದರೆ ಆ ಜಾಗಕ್ಕೆ ರಕ್ತ ಚೆನ್ನಾಗಿ ಹೋಗುತ್ತಿದೆ ಎಂದಲ್ಲ. ಆ ನಾಳ ಸೋರುತ್ತದೆ. ನಾಯಿಯ ತೊಂದರೆಯಲ್ಲಿ ದೊಡ್ಡ ಪಾಲು ಗಡ್ಡೆಯ ಗಾತ್ರದ್ದಲ್ಲ, ಆ ಸೋರಿಕೆಯದು.

ಜಾಗ ಯಾವುದು

ನಡೆಸಿದರೆ ನಾಯಿ ಬಲಕ್ಕೇ ಸುತ್ತುತ್ತದೆ. ಎಡ ಮುಂಗಾಲಿನ ಪಾದವನ್ನು ಮಗುಚಿ ನೆಲಕ್ಕಿಟ್ಟರೆ ಮೂರು ನಾಲ್ಕು ಸೆಕೆಂಡು ಹಾಗೇ ಬಿಟ್ಟಿರುತ್ತದೆ, ಬಲಗಾಲಾದರೆ ತಕ್ಷಣ ಸರಿಮಾಡಿಕೊಳ್ಳುತ್ತದೆ. ಎಡಗಣ್ಣಿನ ಮುಂದೆ ಕೈ ಬೀಸಿದರೆ ರೆಪ್ಪೆ ಮಿಟುಕದು. ಆದರೆ ಟಾರ್ಚ್ ಬಿಟ್ಟರೆ ಎರಡೂ ಪಾಪೆಗಳು ಸರಿಯಾಗಿ ಕುಗ್ಗುತ್ತವೆ, ಅಂದರೆ ಕಣ್ಣು ಮತ್ತು ಅದರ ನರ ಚೆನ್ನಾಗಿವೆ. ಸುತ್ತುವುದು ಗಾಯವಾದ ಕಡೆಗೆ, ಕಾಲು ಕಣ್ಣಿನ ಕೊರತೆ ಎದುರು ಬದಿಗೆ. ಕೂಡಿಸಿದರೆ ಉಳಿಯುವುದು ಬಲಬದಿಯ ಮುಮ್ಮಿದುಳು.

ನಡವಳಿಕೆ ಬದಲಾಗಿ ಫಿಟ್ಸ್ ಬರುವ ಯಾವ ನಾಯಿಯನ್ನಾದರೂ ನಮ್ಮಲ್ಲಿ ಮುಟ್ಟುವ ಮೊದಲು ರೇಬೀಸ್ ಲಸಿಕೆಯ ಪುಸ್ತಕ ನೋಡಬೇಕು, ಕೈಗೆ ಗ್ಲೌಸ್ ಹಾಕಬೇಕು. ಈ ನಾಯಿಗೆ ಪ್ರತಿವರ್ಷ ಲಸಿಕೆಯಾಗಿತ್ತು, ಡಿಸ್ಟೆಂಪರ್‌ಗೂ ಆಗಿತ್ತು. ವಯಸ್ಸಾದ ಬಾಕ್ಸರ್‌ನಲ್ಲಿ ಇನ್ಸುಲಿನೋಮಾ (ಇನ್ಸುಲಿನ್ ಸುರಿಸಿ ಸಕ್ಕರೆ ಇಳಿಸುವ ಗಡ್ಡೆ) ಕೂಡ ಫಿಟ್ಸ್ ತರುವುದರಿಂದ ಖಾಲಿ ಹೊಟ್ಟೆಯ ಸಕ್ಕರೆ ನೋಡಲಾಯಿತು: 92, ಸರಿಯಾಗಿದೆ. ಕ್ಯಾಲ್ಸಿಯಂ, ಲಿವರ್, ರಕ್ತದೊತ್ತಡ ಸರಿ. ಪ್ಲೇಟ್‌ಲೆಟ್ ಮಾತ್ರ ಮೆಷಿನ್‌ನಲ್ಲಿ 1.1 ಲಕ್ಷ ಎಂದು ಕಡಿಮೆ ಬಂತು. ಉಣ್ಣೆಜ್ವರ ಊರೆಲ್ಲ ಇರುವಾಗ ಇದನ್ನು ಹಾಗೇ ಬಿಡುವಂತಿಲ್ಲ. ಸ್ಮಿಯರ್ ಮಾಡಿ ಅಂಚು ನೋಡಿದರೆ ಪ್ಲೇಟ್‌ಲೆಟ್‌ಗಳು ಗುಂಪುಗುಂಪಾಗಿ ಅಂಟಿಕೊಂಡಿದ್ದವು. ಮೆಷಿನ್ ಒಂದು ಗುಂಪನ್ನು ಒಂದೆಂದು ಎಣಿಸಿತ್ತು, ಅಷ್ಟೆ. ಉಣ್ಣೆಜ್ವರದ ಎರ್ಲಿಕಿಯಾ ಕಿಟ್ ಕೂಡ ನೆಗೆಟಿವ್.

ಎಂ.ಆರ್.ಐ.

ಬಾಕ್ಸರ್‌ಗೆ ಅನಸ್ತೇಸಿಯಾ ಕೊಡುವಾಗ ಎರಡು ಎಚ್ಚರ. ಏಸ್‌ಪ್ರೊಮಜೀನ್ ಎಂಬ ಮಂಪರು ಮದ್ದು ಬೇಡ; ಈ ತಳಿಯಲ್ಲಿ ಅದು ರಕ್ತದೊತ್ತಡ ಇಳಿಸಿ ನಾಯಿಯನ್ನು ಕುಸಿಯುವಂತೆ ಮಾಡಬಹುದು. ಇಲ್ಲಿ ಮಂಪರಿಗೆ ಬ್ಯುಟಾರ್ಫನಾಲ್ ಕೆ.ಜಿ.ಗೆ 0.2 ಮಿ.ಗ್ರಾಂ., ಆಮೇಲೆ ನಿದ್ದೆ ಬರಿಸಲು ಪ್ರೊಪೊಫಾಲ್ ನಿಧಾನವಾಗಿ. ಎರಡನೆಯದು ಉಸಿರು. ಮೊಂಡುಮೂಗಿನ ನಾಯಿ ಸರಿಯಾಗಿ ಉಸಿರಾಡದೆ ಕಾರ್ಬನ್ ಡೈಆಕ್ಸೈಡ್ ಏರಿದರೆ ಮಿದುಳಿನ ನಾಳಗಳು ಹಿಗ್ಗುತ್ತವೆ, ತಲೆಬುರುಡೆಯೊಳಗಿನ ಒತ್ತಡ ಏರುತ್ತದೆ. ಹಾಗಾಗಿ ಮೊದಲು ಐದು ನಿಮಿಷ ಆಕ್ಸಿಜನ್, ಟ್ಯೂಬ್ ಹಾಕಿದ ಮೇಲೆ ಹೊರಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್ 35ರ ಆಸುಪಾಸಿನಲ್ಲೇ ಇರುವಂತೆ ವೆಂಟಿಲೇಶನ್, ಅನಸ್ತೇಸಿಯಾ ಅನಿಲ ಐಸೋಫ್ಲೂರೇನ್ ಆದಷ್ಟು ಕಡಿಮೆ. ಕತ್ತಿನ ಬೆಲ್ಟ್, ಬ್ಯಾಂಡೇಜು ಯಾವುದೂ ತಲೆಯಿಂದ ರಕ್ತ ಇಳಿಸುವ ಜುಗುಲರ್ ನಾಳವನ್ನು ಒತ್ತಬಾರದು. ಗಡ್ಡೆಯ ಹೊಸ ನಾಳಗಳಿಗೆ ಒತ್ತಡಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುವ ಶಕ್ತಿ ಇರುವುದಿಲ್ಲ. ಬಿ.ಪಿ. ಬಿದ್ದರೆ ಅಲ್ಲಿ ರಕ್ತವೇ ಹೋಗದು, ಏರಿದರೆ ಸೋರಿಕೆ ಹೆಚ್ಚುತ್ತದೆ.

ಬಲ ಟೆಂಪೊರಲ್ (ಕಿವಿಯ ಪಕ್ಕದ) ಭಾಗದಲ್ಲಿ ಒಂದು ಗಡ್ಡೆ ಕಂಡಿತು. ಎಂ.ಆರ್.ಐ.ನ ಎರಡು ಬಗೆಯ ಚಿತ್ರಗಳಲ್ಲಿ, ಟಿ2ನಲ್ಲಿ ಬೆಳ್ಳಗೆ, ಟಿ1ನಲ್ಲಿ ಕಪ್ಪಗೆ, ಅಂಚು ನುಣುಪು, ಒಂದು ಬದಿ ಮಿದುಳಿನ ಕುಹರಕ್ಕೆ ತಾಗಿಕೊಂಡಿದೆ. ಅದರ ಸುತ್ತ ಬಿಳಿಭಾಗದುದ್ದಕ್ಕೂ ಬೆರಳು ಚಾಚಿದಂತೆ ಊತ. ಗಡ್ಡೆಗಿಂತ ಊತವೇ ದೊಡ್ಡದು, ಮಧ್ಯರೇಖೆಯನ್ನು ಎಡಕ್ಕೆ ತಳ್ಳಿದ್ದೂ ಅದೇ. ಟಿ2-ಸ್ಟಾರ್ ಚಿತ್ರದಲ್ಲಿ ಎರಡು ಮೂರು ಕಪ್ಪು ಚುಕ್ಕಿಗಳು: ಹಳೆಯ ಸಣ್ಣ ರಕ್ತಸ್ರಾವಗಳು.

ಆಮೇಲೆ ರಕ್ತಕ್ಕೆ ಕೊಡುವ ಕಾಂಟ್ರಾಸ್ಟ್ ದ್ರವ್ಯ ಗ್ಯಾಡೊಲಿನಿಯಂ, ಕೆ.ಜಿ.ಗೆ 0.1 ಮಿಲಿಮೋಲ್. ಎಂ.ಎಲ್.ಗೆ 0.5 ಮಿಲಿಮೋಲ್ ಇರುವ ಬಾಟಲಿಯಿಂದ ಈ ನಾಯಿಗೆ 6 ಎಂ.ಎಲ್. ಕೊಟ್ಟ ಕೂಡಲೇ ತೆಗೆದ ಚಿತ್ರದಲ್ಲಿ ಗಡ್ಡೆಯ ಅಂಚಿನಲ್ಲಿ ತೆಳ್ಳಗೆ ಉಂಗುರ. ಹದಿನೈದು ನಿಮಿಷ ಬಿಟ್ಟು ಮತ್ತೆ ತೆಗೆದರೆ ಉಂಗುರ ದಪ್ಪಗಾಗಿ ಒಳಮುಖವಾಗಿ ಹರಡಿದೆ. ಶಾಯಿ ಬಿದ್ದ ಒದ್ದೆ ಕಾಗದದಲ್ಲಿ ಬಣ್ಣ ಹಬ್ಬುವ ಹಾಗೆ. ಈ ಎರಡನೇ ಚಿತ್ರ ತೆಗೆಯಲು ಅನಸ್ತೇಸಿಯಾ ಇನ್ನಷ್ಟು ಹೊತ್ತು ನಡೆಸಬೇಕು, ಹಾಗಾಗಿ ಎಷ್ಟೋ ಕಡೆ ಬಿಟ್ಟುಬಿಡುತ್ತಾರೆ. ಬಿಡಬಾರದು. ನಾಳ ಸೋರುವುದನ್ನು ಕಣ್ಣಾರೆ ತೋರಿಸುವುದು ಈ ಜೋಡಿ ಚಿತ್ರ.

ಇಲ್ಲಿ ಓದುವಾಗ ಆಗುವ ತಪ್ಪೊಂದಿದೆ. ಉಂಗುರ ಕಂಡರೆ "ನಾಳಗಳು ಬೆಳೆದಿವೆ" ಎಂದು ರಿಪೋರ್ಟು ಬರೆಯುವುದು. ಕಾಂಟ್ರಾಸ್ಟ್ ತೋರಿಸುವುದು ನಾಳಗಳ ಸಂಖ್ಯೆಯನ್ನಲ್ಲ, ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆ ಒಡೆದ ಜಾಗವನ್ನು. ಮಿದುಳಿನ ಒಂದು ಭಾಗಕ್ಕೆ ರಕ್ತ ನಿಂತು ಸ್ಟ್ರೋಕ್ ಆದ ನಾಯಿಯಲ್ಲೂ ವಾರ ಹತ್ತು ದಿನದಲ್ಲಿ ಅಂಚಿನಲ್ಲಿ ಹೊಸ ನಾಳ ಹುಟ್ಟಿ ಇಂಥದೇ ಉಂಗುರ ಬರಬಹುದು. ಕೀವುಗಟ್ಟಿದರೂ ಬರುತ್ತದೆ. ಇಲ್ಲಿ ಗ್ಲಯೋಮಾದ ಕಡೆಗೆ ತೂಕ ಹೋದದ್ದು ಉಂಗುರದಿಂದಲ್ಲ. ತಳಿ, ವಯಸ್ಸು, ವಾರವಾರಕ್ಕೂ ಹೆಚ್ಚುತ್ತ ಬಂದ ಲಕ್ಷಣ, ಯಾವುದೇ ಒಂದು ರಕ್ತನಾಳದ ಸರಹದ್ದಿಗೆ ಹೊಂದದ ಆಕಾರ ಇವುಗಳಿಂದ. ಸ್ಟ್ರೋಕ್ ಆದರೆ ದಿಢೀರನೆ ಬಂದು, ಮೂರು ನಾಲ್ಕು ದಿನದಲ್ಲಿ ನಾಯಿ ಸುಧಾರಿಸುತ್ತ ಹೋಗುತ್ತದೆ.

ಬೆನ್ನುಹುರಿಯ ನೀರು ತೆಗೆಯಲಿಲ್ಲ. ಮಧ್ಯರೇಖೆ ಸರಿದ ಮಿದುಳಿನಲ್ಲಿ ಕೆಳಗಿನಿಂದ ಒತ್ತಡ ತೆಗೆದರೆ ಮಿದುಳು ಕೆಳಗೆ ಜಾರಿ ಮಿದುಳುಕಾಂಡವನ್ನು ಹಿಸುಕಬಹುದು. ಆ ನೀರಿನಿಂದ ಸಿಗುವ ಮಾಹಿತಿ ಆ ಅಪಾಯಕ್ಕೆ ಸಮವಲ್ಲ.

ನಾಳ ಏಕೆ ಹುಟ್ಟಿತು, ಏಕೆ ಸೋರಿತು

ಆರೋಗ್ಯದ ಮಿದುಳಿನ ಲೋಮನಾಳ ದೇಹದ ಬೇರೆ ಲೋಮನಾಳಗಳಂತಲ್ಲ. ಒಳಪದರದ ಎಂಡೋಥೀಲಿಯಂ ಕೋಶಗಳು ಒಂದಕ್ಕೊಂದು ಕ್ಲಾಡಿನ್-5, ಆಕ್ಲುಡಿನ್ ಎಂಬ ಪ್ರೋಟೀನ್‌ಗಳಿಂದ ಹೊಲಿದಂತೆ ಬಿಗಿದಿರುತ್ತವೆ. ಅವುಗಳ ಹೊರಗೆ ಪೆರಿಸೈಟ್ ಕೋಶ ಅಪ್ಪಿಕೊಂಡಿರುತ್ತದೆ, ಅದರ ಹೊರಗೆ ಆಸ್ಟ್ರೋಸೈಟ್‌ಗಳ ಪಾದ. ಗ್ಯಾಡೊಲಿನಿಯಂ ಇರಲಿ, ಎಷ್ಟೋ ಔಷಧಗಳೂ ಈ ಗೋಡೆ ದಾಟುವುದಿಲ್ಲ.

ಗಡ್ಡೆಯ ಕೋಶ ಲೋಮನಾಳದಿಂದ 100ರಿಂದ 200 ಮೈಕ್ರಾನ್‌ಗಿಂತ ದೂರ ಹೋದರೆ ಆಕ್ಸಿಜನ್ ಸಾಲುವುದಿಲ್ಲ. ಆಕ್ಸಿಜನ್ ಇದ್ದಾಗ ಕ್ಷಣಕ್ಷಣಕ್ಕೂ ನಾಶವಾಗುತ್ತಿದ್ದ ಹೆಚ್‌ಐಎಫ್-1 ಆಲ್ಫಾ ಎಂಬ ಪ್ರೋಟೀನ್ ಆಗ ನಾಶವಾಗದೆ ಉಳಿದು, ಕೋಶಕೇಂದ್ರಕ್ಕೆ ಹೋಗಿ ವಿಇಜಿಎಫ್ ಎಂಬ ಬೆಳವಣಿಗೆ ಅಂಶವನ್ನು ತಯಾರಿಸುವ ಜೀನ್ ಅನ್ನು ಎಬ್ಬಿಸುತ್ತದೆ. ಕೋಶಗಳು ಆಕ್ಸಿಜನ್ ಅಳೆಯುವ ಈ ಬಗೆಯನ್ನು ಬಿಡಿಸಿ ತೋರಿಸಿದ ಕೇಲಿನ್, ರಾಟ್‌ಕ್ಲಿಫ್, ಸೆಮೆಂಜಾ ಅವರಿಗೆ 2019ರ ನೊಬೆಲ್ ಸಂದಿತು. ಗಡ್ಡೆ ಬೆಳೆಯಬೇಕಾದರೆ ಹೊಸ ನಾಳ ಬೇಕೇ ಬೇಕು ಎಂದು ಜುಡಾ ಫೋಕ್‌ಮನ್ ವಾದಿಸಿದ್ದು 1971ರಲ್ಲಿ. ಇದೇ ವಿಇಜಿಎಫ್ ಅಣುವನ್ನು ಮೊದಲು, 1983ರಲ್ಲಿ, ಸೆಂಗರ್ ಮತ್ತು ಡ್ವೊರಾಕ್ ಅವರ ತಂಡ ಕಂಡಾಗ ಅದಕ್ಕಿಟ್ಟ ಹೆಸರು "ನಾಳವನ್ನು ಸೋರಿಸುವ ಅಂಶ" ಎಂಬರ್ಥದ್ದು. ನಾಳ ಬೆಳೆಸುವ ಅಂಶವೆಂದು ಫೆರಾರಾ ಅವರ ತಂಡ ಪ್ರತ್ಯೇಕಿಸಿದ್ದು 1989ರಲ್ಲಿ; ಎರಡೂ ಒಂದೇ ಅಣು ಎಂದು ಆಮೇಲೆ ತಿಳಿಯಿತು. ಈ ನಾಯಿಯ ವಿಷಯದಲ್ಲಿ ಮೊದಲಿಟ್ಟ ಹೆಸರೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ವಿಇಜಿಎಫ್ ಎಂಡೋಥೀಲಿಯಂನ ಹೊಲಿಗೆ ಬಿಚ್ಚುತ್ತದೆ. ಜತೆಗೆ ಆಂಜಿಯೋಪೊಯೆಟಿನ್-2 ಏರಿ ಪೆರಿಸೈಟ್‌ನ ಹಿಡಿತ ಸಡಿಲಿಸುತ್ತದೆ. ಬಿಡುವಾದ ಕೋಶಗಳು ಮೊಳಕೆಯೊಡೆದು ಹೊಸ ನಾಳವಾಗುತ್ತವೆ. ಆದರೆ ಗಡ್ಡೆಯಲ್ಲಿ ಈ ಸೂಚನೆ ನಿಲ್ಲುವುದೇ ಇಲ್ಲ. ಗಾಯ ಮಾಯುವಾಗ ನಾಳ ಹುಟ್ಟಿ, ಪೆರಿಸೈಟ್ ಬಂದು ಅಪ್ಪಿ, ನಾಳ ಪಕ್ವವಾಗುತ್ತದೆ. ಇಲ್ಲಿ ಆ ಕೊನೆಯ ಹಂತ ಬರುವುದಿಲ್ಲ. ಕೋಶಗಳು ಒಂದರ ಮೇಲೊಂದು ಪೇರಿಕೊಂಡು, ನಾಳ ಅಂಕುಡೊಂಕಾಗಿ, ಒಳದಾರಿ ಇಕ್ಕಟ್ಟಾಗಿ, ರಕ್ತ ಹೆಪ್ಪುಗಟ್ಟಿ, ಮುಂದಿನ ಜಾಗಕ್ಕೆ ಮತ್ತೆ ಆಕ್ಸಿಜನ್ ಕೊರತೆಯಾಗಿ, ಮತ್ತೆ ವಿಇಜಿಎಫ್. ನಾಳಗಳ ಗೊಂಚಲಿನ ಪಕ್ಕದಲ್ಲೇ ಸತ್ತ ಅಂಗಾಂಶ ಕಾಣುವುದು ಇದರಿಂದ.

ಬಾಕ್ಸರ್, ಬೋಸ್ಟನ್ ಟೆರಿಯರ್, ಬುಲ್‌ಡಾಗ್ ಬಗೆಯ ಮೊಂಡುಮೂಗಿನ ತಳಿಗಳಲ್ಲಿ ಗ್ಲಯೋಮಾ ಹೆಚ್ಚು. 26ನೇ ಕ್ರೋಮೋಸೋಮಿನ ಒಂದು ಭಾಗಕ್ಕೂ ಇದಕ್ಕೂ ನಂಟಿದೆ ಎಂದು 2016ರ ಅಧ್ಯಯನವೊಂದು ತೋರಿಸಿತು. ಪಟ್ಟಣಗಳಲ್ಲಿ ಫ್ರೆಂಚ್ ಬುಲ್‌ಡಾಗ್ ಸಾಕುವವರು ಹೆಚ್ಚುತ್ತಿರುವುದರಿಂದ ಇಂಥ ನಾಯಿಗಳು ಮುಂದೆ ನಮ್ಮ ಕ್ಲಿನಿಕ್ಕುಗಳಿಗೆ ಇನ್ನಷ್ಟು ಬಂದಾವು.

ಚಿಕಿತ್ಸೆ, ಮತ್ತು ಮೂರನೇ ವಾರದ ಅನಾಹುತ

ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ 15 ಮಿ.ಗ್ರಾಂ. ದಿನಕ್ಕೆರಡು ಸಲ, ಊಟದ ಜತೆ. ಫಿಟ್ಸ್ ತಡೆಗೆ ಲೆವೆಟಿರಾಸೆಟಮ್ 750ರ ಮಾತ್ರೆ ಎಂಟು ಗಂಟೆಗೊಂದು. ನೋವಿನ ಮಾತ್ರೆ ಯಾವುದೂ ಬೇಡ ಎಂದು ಚೀಟಿಯ ಮೇಲೆ ಕೆಂಪಕ್ಷರದಲ್ಲಿ ಬರೆಯಬೇಕು. ಸ್ಟೀರಾಯ್ಡಿನ ಜತೆ ಮೆಲೊಕ್ಸಿಕ್ಯಾಮ್ ಥರದ ನೋವಿನ ಮಾತ್ರೆ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಬರಬಹುದು.

ಎರಡನೇ ದಿನಕ್ಕೆ ನಾಯಿ ಮೂಲೆ ಬಿಟ್ಟು ಬಂತು. ನಾಲ್ಕನೇ ದಿನ ಗೇಟಿನ ಬಳಿ ಹೋಗಿ ಬೊಗಳಿತು. ಮನೆಯವರಿಗೆ ಆದ ಸಂತೋಷ ಸಹಜ. ಅವರಿಗೆ ಅದೇ ದಿನ ಕೂರಿಸಿಕೊಂಡು ಹೇಳಬೇಕಾದ ಮಾತೂ ಇದೆ: ಗಡ್ಡೆ ಕರಗಿಲ್ಲ, ಸೋರಿಕೆ ನಿಂತಿದೆ. ಸ್ಟೀರಾಯ್ಡ್ ಗಡ್ಡೆಯಲ್ಲಿ ವಿಇಜಿಎಫ್ ತಗ್ಗಿಸಿ, ನಾಳದ ಹೊಲಿಗೆಯನ್ನು ಬಿಗಿಮಾಡುತ್ತದೆ, ಊತ ಇಳಿಯುತ್ತದೆ. ಗಡ್ಡೆ ಇದ್ದ ಜಾಗದಲ್ಲೇ ಇರುತ್ತದೆ. "ಸ್ಟೀರಾಯ್ಡಿಗೆ ಸುಧಾರಿಸಿತು, ಆದ್ದರಿಂದ ಉರಿಯೂತವೇ ಇರಬೇಕು" ಎಂಬ ತರ್ಕ ಇದೇ ಕಾರಣಕ್ಕೆ ಸುಳ್ಳಾಗುತ್ತದೆ. ಎಂ.ಆರ್.ಐ. ಮಾಡಿಸದೆ ಹೀಗೆ ತಿಂಗಳುಗಟ್ಟಲೆ ಕಳೆದುಹೋಗುವ ನಾಯಿಗಳಿವೆ.

ಮೂರನೇ ವಾರ. ಸ್ಟೀರಾಯ್ಡಿನಿಂದ ನಾಯಿ ಬಕೆಟ್‌ಗಟ್ಟಲೆ ನೀರು ಕುಡಿದು ಮನೆಯೊಳಗೇ ಉಚ್ಚೆ ಹೊಯ್ಯುತ್ತಿತ್ತು, ಸದಾ ಹಸಿವು, ಹೊಟ್ಟೆ ಜೋಲು. ಹೇಗೂ ಚೆನ್ನಾಗಿದೆಯಲ್ಲ ಎಂದು ಮನೆಯವರು ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿದರು. ಮೂರು ದಿನದಲ್ಲಿ ಊತ ಮರಳಿತು, ಐದನೇ ದಿನ ಒಂದರ ಹಿಂದೊಂದು ಫಿಟ್ಸ್. ತಪ್ಪು ಮನೆಯವರದ್ದು ಎನ್ನುವುದು ಸುಲಭ. ಇಷ್ಟು ನೀರು ಕುಡಿಯುತ್ತದೆ, ಆದರೂ ನಿಲ್ಲಿಸಬಾರದು ಎಂದು ಮೊದಲ ದಿನವೇ ಬಿಡಿಸಿ ಹೇಳಿದ್ದರೆ ಇದು ಆಗುತ್ತಿರಲಿಲ್ಲ. ಒಮ್ಮೆಗೇ ನಿಲ್ಲಿಸಿದರೆ ಊತ ಮರಳುವುದಷ್ಟೇ ಅಲ್ಲ, ಮಲಗಿಬಿಟ್ಟ ಅಡ್ರಿನಲ್ ಗ್ರಂಥಿ ಎದ್ದು ಕೆಲಸ ಮಾಡಲಾರದೆ ನಾಯಿ ಕುಸಿಯಬಹುದು. ಪ್ರಮಾಣವನ್ನು ವಾರಕ್ಕೆ ಕಾಲುಭಾಗದಂತೆ ಇಳಿಸುತ್ತ, ಯಾವ ಮಟ್ಟದಲ್ಲಿ ಲಕ್ಷಣ ಮರಳುತ್ತದೋ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ನಿಲ್ಲಬೇಕು.

ತುರ್ತಿನಲ್ಲಿ ಮಾಡಿದ್ದು: ಫಿಟ್ಸ್ ನಿಲ್ಲಿಸಲು ಮಿಡಜೊಲಾಮ್ ಕೆ.ಜಿ.ಗೆ 0.2 ಮಿ.ಗ್ರಾಂ. ರಕ್ತನಾಳಕ್ಕೆ, ತಲೆಯ ಭಾಗ ಹಲಗೆ ಸಮೇತ 20 ಡಿಗ್ರಿ ಎತ್ತರಕ್ಕೆ, ಆಕ್ಸಿಜನ್, ಆಮೇಲೆ ಮಿದುಳಿನ ನೀರು ಸೆಳೆಯುವ ಮ್ಯಾನಿಟಾಲ್. ಶೇ. 20ರ ಬಾಟಲಿಯಿಂದ ಕೆ.ಜಿ.ಗೆ ಅರ್ಧ ಗ್ರಾಂ ಎಂದರೆ 30 ಕೆ.ಜಿ. ನಾಯಿಗೆ 75 ಎಂ.ಎಲ್., ಇಪ್ಪತ್ತು ನಿಮಿಷದಲ್ಲಿ. ಮ್ಯಾನಿಟಾಲ್ ಚಳಿಗೆ ಹರಳುಗಟ್ಟುತ್ತದೆ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಹರಳಿದ್ದರೆ ಬಿಸಿನೀರಿನಲ್ಲಿಟ್ಟು ಕರಗಿಸಿ, ಮೈಬಿಸಿಗೆ ಇಳಿದ ಮೇಲೆ ಫಿಲ್ಟರ್ ಇರುವ ಸೆಟ್ಟಿನಿಂದಲೇ ಕೊಡಬೇಕು. ಆರು ಗಂಟೆ ಬಿಟ್ಟು ಇನ್ನೊಮ್ಮೆ, ಅಷ್ಟಕ್ಕೇ ಸಾಕು. ಮ್ಯಾನಿಟಾಲ್ ನೀರನ್ನು ಹೊರಗೆಳೆಯುವುದು ಗೋಡೆ ಗಟ್ಟಿ ಇರುವ ಮಿದುಳಿನಿಂದ. ಸೋರುವ ನಾಳಗಳಿರುವ ಕಡೆ ಅದೇ ಹೊರಗೆ ಸೋರಿ, ಪದೇ ಪದೇ ಕೊಟ್ಟರೆ ನೀರನ್ನು ತನ್ನ ಹಿಂದೆಯೇ ಎಳೆದುಕೊಳ್ಳುತ್ತದೆ.

ನಾಯಿ ಚೇತರಿಸಿಕೊಂಡಿತು, ಮೊದಲಿನಷ್ಟಲ್ಲ. ಸ್ಟೀರಾಯ್ಡ್ ಮತ್ತೆ ಶುರುಮಾಡಿ, ಫಿಟ್ಸ್ ತಡೆಯುವ ಇನ್ನೊಂದು ಔಷಧ ಫೀನೊಬಾರ್ಬಿಟೋನ್ 90 ಮಿ.ಗ್ರಾಂ. ದಿನಕ್ಕೆರಡು ಸಲ ಸೇರಿಸಲಾಯಿತು. ಅದು ಲೆವೆಟಿರಾಸೆಟಮ್ ಅನ್ನು ದೇಹದಿಂದ ಬೇಗ ಹೊರಹಾಕಿಸುವುದರಿಂದ ಎರಡನ್ನೂ ಕೊಡುವಾಗ ಲೆವೆಟಿರಾಸೆಟಮ್ ಹೆಚ್ಚಿಸಬೇಕಾಗುತ್ತದೆ. ರೇಡಿಯೋಥೆರಪಿ ಹತ್ತಿರದಲ್ಲಿ ಸಿಗಲಿಲ್ಲ, ದೂರ ಕರೆದೊಯ್ಯುವ ಸ್ಥಿತಿಯಲ್ಲಿ ನಾಯಿ ಇರಲಿಲ್ಲ.

ನಾಳ ಬೆಳೆಯದಂತೆ ತಡೆಯುವ ಔಷಧವನ್ನೇ ಕೊಡಬಹುದಲ್ಲ ಎಂಬ ಪ್ರಶ್ನೆ ಬಂದೇ ಬರುತ್ತದೆ. ಟೊಸೆರಾನಿಬ್ ನಾಯಿಗಳ ಮಾಸ್ಟ್ ಕೋಶದ ಗಡ್ಡೆಗೆ ಅಮೆರಿಕದಲ್ಲಿ 2009ರಲ್ಲಿ ಒಪ್ಪಿಗೆ ಪಡೆದ ಮಾತ್ರೆ. ವಿಇಜಿಎಫ್‌ನ ಗ್ರಾಹಿಯನ್ನೂ ತಡೆಯುತ್ತದೆ. ಇಲ್ಲಿ ಕೊಡದಿರುವುದು ಸರಿ ಎಂಬುದು ನಮ್ಮ ನಿಲುವು. ಬಿ.ಪಿ. ಏರಿಸುತ್ತದೆ, ಮೂತ್ರದಲ್ಲಿ ಪ್ರೋಟೀನ್ ಕಳೆಯುತ್ತದೆ, ಸ್ಟೀರಾಯ್ಡಿನ ಜತೆ ಹೊಟ್ಟೆ ಕೆಡಿಸುತ್ತದೆ. ಅದಕ್ಕಿಂತ ಮುಖ್ಯ, ಮನುಷ್ಯರ ಉಗ್ರ ಗ್ಲಯೋಮಾ ಆದ ಗ್ಲಯೋಬ್ಲಾಸ್ಟೋಮಾದಲ್ಲಿ ವಿಇಜಿಎಫ್ ತಡೆಯುವ ಬೆವಾಸಿಜುಮಾಬ್ ಕಲಿಸಿದ ಪಾಠ. ಸೋರಿಕೆ ಮುಚ್ಚಿ ಎಂ.ಆರ್.ಐ.ನಲ್ಲಿ ಉಂಗುರ ಮಾಯವಾಗುತ್ತದೆ, ರೋಗಿಗೆ ಸ್ಟೀರಾಯ್ಡ್ ಕಡಿಮೆ ಸಾಕಾಗುತ್ತದೆ. ಆದರೆ 2014ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ, ಹೊಸದಾಗಿ ಪತ್ತೆಯಾದ ರೋಗಿಗಳ ಆಯಸ್ಸು ಹೆಚ್ಚಲಿಲ್ಲ. ಹೊಸ ನಾಳ ಸಿಗದಿದ್ದರೆ ಗಡ್ಡೆಯ ಕೋಶ ಹಳೆಯ ನಾಳಗಳನ್ನೇ ಹಿಡಿದು ಅವುಗಳ ಗುಂಟ ತೆವಳಿ ಹೋಗಬಲ್ಲದು. ಉಂಗುರ ಹೋದ ಚಿತ್ರವನ್ನು ಮನೆಯವರಿಗೆ ತೋರಿಸಿ ಗಡ್ಡೆ ಹೋಯಿತು ಎಂದು ನಂಬಿಸುವುದು ಅನ್ಯಾಯ.

ಹನ್ನೊಂದನೇ ವಾರ ನಾಯಿ ಎದ್ದು ನಿಲ್ಲಲಾರದಾಯಿತು. ದಯಾಮರಣಕ್ಕೆ ಮನೆಯವರು ಒಪ್ಪಿದರು, ಮಿದುಳನ್ನು ಪರೀಕ್ಷೆಗೆ ಕೊಡಲೂ ಒಪ್ಪಿದರು.

ಮಿದುಳು ತೆರೆದಾಗ

ಮೊದಲ ಕೆಲಸ ಫಾರ್ಮಲಿನ್ ಅಲ್ಲ. ಲಸಿಕೆಯಾಗಿದ್ದರೂ, ನರರೋಗದಿಂದ ಸತ್ತ ನಾಯಿಯ ಮಿದುಳುಕಾಂಡ ಮತ್ತು ಕಿರುಮಿದುಳಿನ ಹಸಿ ತುಂಡುಗಳನ್ನು ತಂಪಿನಲ್ಲಿಟ್ಟು ರೇಬೀಸ್ ಪರೀಕ್ಷೆಗೆ ಕಳಿಸಬೇಕು. ಬೆಂಗಳೂರಿನಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಇದಕ್ಕೆ ಪ್ರಯೋಗಾಲಯವಿದೆ. ಇಡೀ ಮಿದುಳನ್ನು ಫಾರ್ಮಲಿನ್‌ಗೆ ಹಾಕಿದ ಮೇಲೆ ನೆನಪಾದರೆ ಫ್ಲೂರೊಸೆಂಟ್ ಆಂಟಿಬಾಡಿ ಪರೀಕ್ಷೆ ಎಂದಿನ ರೀತಿ ಮಾಡಲಾಗುವುದಿಲ್ಲ. ಬುರುಡೆ ತೆರೆಯುವವರು ಮುಂಚಿತ ಲಸಿಕೆ ಪಡೆದಿರಬೇಕು, ಕಣ್ಣಿಗೆ ಕನ್ನಡಕ ಬೇಕು, ವಿದ್ಯುತ್ ಗರಗಸ ಹನಿ ಸಿಡಿಸುವುದರಿಂದ ಕೈಗರಗಸ ಮೇಲು. ಈ ನಾಯಿಯದು ನೆಗೆಟಿವ್.

ಉಳಿದ ಮಿದುಳು ಶೇ. 10ರ ಬಫರ್ಡ್ ಫಾರ್ಮಲಿನ್‌ನಲ್ಲಿ, ಮಿದುಳಿನ ಹತ್ತು ಪಟ್ಟು ದ್ರವ, ಹತ್ತು ದಿನ. ಆಮೇಲೆ ಅಡ್ಡಡ್ಡಲಾಗಿ 5 ಮಿ.ಮೀ. ಬಿಲ್ಲೆಗಳು. ಬಲ ಟೆಂಪೊರಲ್ ಭಾಗ ಲೋಳೆಯಂತೆ ಬೂದುಬಣ್ಣ, ನಡುವೆ ಕಂದು ರಕ್ತದ ಕಲೆ. ಪಕ್ಕದ ಬಿಳಿಭಾಗ ಹಳದಿ ತಿರುಗಿ ಎಡಬದಿಯ ಎರಡರಷ್ಟು ಅಗಲವಾಗಿತ್ತು, ಬೆರಳಿನಿಂದ ಮೆಲ್ಲನೆ ಒತ್ತಿದರೆ ನೆನೆದ ಸ್ಪಂಜಿನ ಹಾಗೆ ತೇವ ಮೇಲೆ ಬರುತ್ತಿತ್ತು. ಎಂ.ಆರ್.ಐ.ನಲ್ಲಿ ಬೆರಳು ಚಾಚಿದಂತೆ ಕಂಡದ್ದು ಇದೇ.

ಸ್ಲೈಡಿನಲ್ಲಿ ದುಂಡು ಕೋಶಕೇಂದ್ರ, ಸುತ್ತ ಖಾಲಿ ಬಳೆ, ಜೇನುಗೂಡಿನಂಥ ಜೋಡಣೆ, ನಡುವೆ ಕೋಳಿಗೂಡಿನ ತಂತಿಬಲೆಯ ಹಾಗೆ ಕವಲೊಡೆದ ಸಣ್ಣ ಲೋಮನಾಳಗಳು: ಆಲಿಗೊಡೆಂಡ್ರೊಗ್ಲಯೋಮಾ ಎಂಬ ಬಗೆಯ ಗ್ಲಯೋಮಾ. ಅಂಚಿಗೆ ಬಂದಂತೆ ನಾಳಗಳ ಚಹರೆಯೇ ಬದಲು. ಮೂತ್ರಪಿಂಡದ ಗ್ಲಾಮೆರುಲಸ್ ನೆನಪಿಸುವ ಉಂಡೆಗಳು, ಎರಡು ಮೂರು ಪದರ ಎಂಡೋಥೀಲಿಯಂ, ಕೆಲವದರಲ್ಲಿ ಹೆಪ್ಪು. ಪಕ್ಕದಲ್ಲೇ ಸತ್ತ ಅಂಗಾಂಶ. 2018ರಲ್ಲಿ ಪ್ರಕಟವಾದ ನಾಯಿ ಗ್ಲಯೋಮಾದ ಪರಿಷ್ಕೃತ ವರ್ಗೀಕರಣದ ಪ್ರಕಾರ ಇಂಥ ನಾಳಗಳು ಮತ್ತು ಸತ್ತ ಭಾಗ ಉನ್ನತ ದರ್ಜೆಯ ಲಕ್ಷಣಗಳು. ಆಲಿಗೊಡೆಂಡ್ರೊಸೈಟ್ ಬಗೆಯ ಕೋಶಗಳ ಗುರುತಾದ ಒಲಿಗ್2 ಪಾಸಿಟಿವ್, ಗಡ್ಡೆಯ ಕೋಶಗಳಲ್ಲಿ ಆಸ್ಟ್ರೋಸೈಟ್ ಗುರುತಾದ ಜಿಎಫ್‌ಎಪಿ ನೆಗೆಟಿವ್.

ನಾಳ ಎಣಿಸುವುದು

ನಾಳಗಳ ಸಾಂದ್ರತೆ ಅಳೆಯುವ ಕೆಲಸ ಕಾಣುವಷ್ಟು ಸುಲಭವಲ್ಲ. ವೈಡ್ನರ್ ತಂಡ 1991ರಲ್ಲಿ ಸ್ತನ ಕ್ಯಾನ್ಸರಿಗೆ ಬಳಸಿದ ಕ್ರಮವನ್ನೇ ಇಲ್ಲಿಗೂ ಹೊಂದಿಸಿಕೊಳ್ಳುವುದು ರೂಢಿ: ಸೂಕ್ಷ್ಮದರ್ಶಕದಲ್ಲಿ ಕಡಿಮೆ ಪಟ್ಟು ಹಿಗ್ಗಿಸಿ ಇಡೀ ಸ್ಲೈಡ್ ನೋಡಿ, ನಾಳ ಅತಿ ದಟ್ಟವಾಗಿರುವ ಮೂರು ಜಾಗ ಗುರುತಿಸಿ, 200 ಪಟ್ಟು ಹಿಗ್ಗಿಸಿ ಎಣಿಕೆ. ಬಣ್ಣ ಹಿಡಿದ ಒಂಟಿ ಎಂಡೋಥೀಲಿಯಂ ಕೋಶವಾದರೂ ಪಕ್ಕದ್ದರಿಂದ ಬೇರೆ ನಿಂತಿದ್ದರೆ ಒಂದು ನಾಳ, ಒಳದಾರಿ ಕಾಣಲೇಬೇಕೆಂದಿಲ್ಲ. ಇಬ್ಬರು ಬೇರೆ ಬೇರೆ ಕೂತು ಎಣಿಸಬೇಕು.

ಯಾವ ಬಣ್ಣ ಎಂಬುದರಲ್ಲೇ ಅರ್ಧ ಫಲಿತಾಂಶ ನಿಂತಿದೆ. ಎಂಡೋಥೀಲಿಯಂನಲ್ಲಿರುವ ವಾನ್ ವಿಲ್ಲೆಬ್ರಾಂಡ್ ಅಂಶ ಎಂಬ ಪ್ರೋಟೀನಿಗೆ ದೊಡ್ಡ ನಾಳಗಳು ಚೆನ್ನಾಗಿ ಬಣ್ಣ ಹಿಡಿಯುತ್ತವೆ, ಸಣ್ಣ ಲೋಮನಾಳಗಳು ಎಷ್ಟೋ ಸಲ ಬಿಟ್ಟುಹೋಗುತ್ತವೆ. ಸಿಡಿ31 ಎಂಬ ಇನ್ನೊಂದು ಪ್ರೋಟೀನಿನ ಬಣ್ಣ ಅವನ್ನೂ ಹಿಡಿಯುತ್ತದೆ, ಆದರೆ ಫಾರ್ಮಲಿನ್‌ನಲ್ಲಿ ತಿಂಗಳುಗಟ್ಟಲೆ ಇಟ್ಟ ತುಂಡಿನಲ್ಲಿ ಮಂಕಾಗುತ್ತದೆ. ಎರಡನ್ನೂ ಅಕ್ಕಪಕ್ಕದ ಕಟ್‌ಗಳಲ್ಲಿ ಮಾಡಿದರೆ ವ್ಯತ್ಯಾಸ ಕಣ್ಣಿಗೇ ಬೀಳುತ್ತದೆ. ಕೆಂಪು ರಕ್ತಕಣಗಳ ಸ್ವಂತ ಪೆರಾಕ್ಸಿಡೇಸ್ ಕಂದುಬಣ್ಣ ಕೊಟ್ಟು ಮೋಸ ಮಾಡುವುದರಿಂದ, ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಹತ್ತು ನಿಮಿಷ ಇಡುವುದನ್ನು ಬಿಡಬಾರದು. ಈ ಗಡ್ಡೆಯಂತೆ ರಕ್ತಸ್ರಾವವಿರುವ ಕಡೆಯಂತೂ ಬಿಡಲೇಬಾರದು.

ಉಂಡೆಯಾದ ನಾಳವನ್ನು ಒಂದೆಂದು ಎಣಿಸಬೇಕೋ ಹತ್ತೆಂದೋ ಎಂಬುದನ್ನು ಎಣಿಸುವ ಮೊದಲೇ ತೀರ್ಮಾನಿಸಿ ಬರೆದಿಡಬೇಕು. ಒಂದೆಂದರೆ ಅತಿ ಕೆಟ್ಟ ಅಂಚಿನಲ್ಲೇ ಸಂಖ್ಯೆ ಕಡಿಮೆ ಬರುತ್ತದೆ. ಆದ್ದರಿಂದ 25 ಚುಕ್ಕಿಗಳ ಚಾಕ್ಲಿ ಗ್ರಿಡ್ ಇಟ್ಟು, ನಾಳದ ಮೇಲೆ ಬೀಳುವ ಚುಕ್ಕಿಗಳನ್ನು ಲೆಕ್ಕ ಹಾಕುವುದು ನಮಗೆ ಹೆಚ್ಚು ನಂಬಿಕೆಯ ವಿಧಾನ. ಅದು ನಾಳದ ಸಂಖ್ಯೆಯನ್ನಲ್ಲ, ನಾಳ ಆಕ್ರಮಿಸಿದ ಜಾಗವನ್ನು ಹೇಳುತ್ತದೆ. ಊತ ಬಂದ ಬಿಳಿಭಾಗದಲ್ಲಿ ಇನ್ನೊಂದು ತೊಡಕು: ನೀರು ತುಂಬಿ ಅಂಗಾಂಶ ಹಿಗ್ಗಿರುವುದರಿಂದ ಒಂದು ಕ್ಷೇತ್ರದಲ್ಲಿ ಸಿಗುವ ನಾಳಗಳ ಸಂಖ್ಯೆ ಇಳಿಯುತ್ತದೆ. ನಾಳ ಕಡಿಮೆಯಾಗಿಲ್ಲ, ದೂರದೂರವಾಗಿವೆ.

ಹೋಲಿಕೆಗೆ ಬೇರೆ ನಾಯಿಯ ಮಿದುಳಿಗಿಂತ ಇದೇ ನಾಯಿಯ ಎಡ ಟೆಂಪೊರಲ್ ಭಾಗ ಮೇಲು. ವಯಸ್ಸು, ಫಿಕ್ಸ್ ಆದ ಅವಧಿ, ಬಣ್ಣದ ಬ್ಯಾಚು ಎಲ್ಲ ಒಂದೇ. ಹೋಲಿಸುವಾಗ ಬೂದುಭಾಗಕ್ಕೆ ಬೂದುಭಾಗ, ಬಿಳಿಭಾಗಕ್ಕೆ ಬಿಳಿಭಾಗ. ಸಹಜವಾಗಿಯೇ ಬೂದುಭಾಗದಲ್ಲಿ ಲೋಮನಾಳ ಹೆಚ್ಚು. ಎಡಬದಿಯಲ್ಲಿ ನಾಳಗಳು ನೇರ, ತೆಳು, ಒಂದೇ ಪದರ. ಬಲ ಅಂಚಿನಲ್ಲಿ ಗೊಂಚಲು. ಗಡ್ಡೆಯ ನಟ್ಟನಡುವೆ ಎಡಬದಿಗಿಂತಲೂ ವಿರಳ.

ಇದೇ ನಾಯಿ ಕೊನೆಯ ದಿನದವರೆಗೂ ಸ್ಟೀರಾಯ್ಡಿನ ಮೇಲಿತ್ತು. ವಿಇಜಿಎಫ್ ಬಣ್ಣ ನಿರೀಕ್ಷೆಗಿಂತ ಮಂಕಾಗಿ ಬಂದರೆ ಅದಕ್ಕೆ ಗಡ್ಡೆಯ ಸ್ವಭಾವ ಕಾರಣವೋ ಮಾತ್ರೆ ಕಾರಣವೋ ಸ್ಲೈಡ್ ನೋಡಿ ಹೇಳಲಾಗದು. ಲ್ಯಾಬಿಗೆ ಕಳಿಸುವ ಫಾರಂನಲ್ಲಿ ಔಷಧದ ಹೆಸರು, ಪ್ರಮಾಣ, ಎಷ್ಟು ದಿನ, ಕೊನೆಯ ಮಾತ್ರೆ ಯಾವಾಗ ಎಂಬ ನಾಲ್ಕನ್ನೂ ಬರೆದೇ ಕಳಿಸಬೇಕು.